ಅಪ್ಪ ಅಮ್ಮನ ಜೊತೆ ವಿಯೆಟ್ನಾಂಗೆ: ಸ್ಮಾಲ್ ಗ್ರೂಪ್ ಟೂರಾ, ಪ್ರೈವೇಟ್ ಗೈಡಾ?

ನೀವು ಕೇಳಿರುವುದು ಇಷ್ಟು: ಕುಶಾಲನಗರದಿಂದ ನೀವಿಬ್ಬರು, ಅಪ್ಪ, ಅಮ್ಮ, ಒಟ್ಟು ನಾಲ್ಕು ಜನ ಏಪ್ರಿಲ್‌ನಲ್ಲಿ ವಿಯೆಟ್ನಾಂಗೆ ಹೊರಟಿದ್ದೀರಿ. ಅಪ್ಪನಿಗೆ ಮಂಡಿನೋವು. ಸ್ಮಾಲ್ ಗ್ರೂಪ್ ಟೂರ್ ಸೇರಿಕೊಳ್ಳುವುದಾ, ಇಲ್ಲ ನಿಮಗೇ ಅಂತ ಕಾರು, ಗೈಡ್ ಮಾಡಿಕೊಳ್ಳುವುದಾ? ಪ್ರೈವೇಟ್ ಅಂದರೆ ಸಿಕ್ಕಾಪಟ್ಟೆ ದುಬಾರಿ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ, ನಿಜವಾ ಅಂತ.

ನಾನಾಗಿದ್ದರೆ ಪ್ರೈವೇಟ್ ಮಾಡಿಕೊಳ್ಳುತ್ತೇನೆ, ಆದರೆ ಪೂರ್ತಿ ಪ್ರವಾಸಕ್ಕಲ್ಲ. ಹಾ ಲಾಂಗ್ ಕೊಲ್ಲಿಯ ಹಡಗಿಗೆ, ಹೋ ಚಿ ಮಿನ್ ನಗರದ ಹತ್ತಿರ ಇರುವ ಯುದ್ಧಕಾಲದ ಕು ಚಿ ಸುರಂಗಕ್ಕೆ ಗುಂಪಿನ ಜೊತೆ ಹೋಗಿ. ಉಳಿದ ದಿನಗಳಿಗೆ ನಿಮ್ಮದೇ ಗೈಡ್ ಇರಲಿ. ನಾನು ವಿರಾಜಪೇಟೆ ಕಡೆಯವನು, ತೋಟ ನೋಡಿಕೊಂಡಿರುವವನು. ಈಜಿಪ್ಟ್‌ಗೆ ಗುಂಪಿನಲ್ಲಿ ಹೋಗಿದ್ದೆ, ವಿಯೆಟ್ನಾಂಗೆ ಅಪ್ಪನನ್ನು ಕರೆದುಕೊಂಡು ಹೋಗಿ ಅಲ್ಲಿ ನಮಗೇ ಅಂತ ಕಾರು, ಗೈಡ್ ಮಾಡಿಕೊಂಡಿದ್ದೆ. ಎರಡೂ ನೋಡಿದ ಮೇಲೆ ಹೇಳುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ ಮುಗಿಸೋಣ. ಗುಂಪಿನಲ್ಲಿ ತಲೆಗೆ ಇಷ್ಟು ಅಂತ ಕೊಡುತ್ತೀರಿ. ಪ್ರೈವೇಟ್‌ನಲ್ಲಿ ಕಾರಿಗೆ ಇಷ್ಟು, ಗೈಡ್‌ಗೆ ಇಷ್ಟು, ಅದು ಇಬ್ಬರಿದ್ದರೂ ಅಷ್ಟೇ, ನಾಲ್ವರಿದ್ದರೂ ಅಷ್ಟೇ. ಲೆಕ್ಕಕ್ಕೆ ಮಾತ್ರ, ದಿನಕ್ಕೆ ಕಾರು ಗೈಡ್ ಎರಡೂ ಸೇರಿ 12,000 ರೂಪಾಯಿ ಅಂದುಕೊಳ್ಳಿ. ಒಬ್ಬರೇ ಹೋದರೆ ಅಷ್ಟೂ ನಿಮ್ಮ ತಲೆಗೆ, ಇಬ್ಬರಾದರೆ ತಲೆಗೆ 6,000, ನಾಲ್ವರಾದರೆ 3,000. ಹಾಗಾಗಿ 'ಪ್ರೈವೇಟ್ ದುಬಾರಿ' ಅನ್ನುವ ಮಾತು ಒಂಟಿಯಾಗಿ ಹೋಗುವವರಿಗೆ ಪೂರ್ತಿ ನಿಜ, ಗಂಡ ಹೆಂಡತಿಗೆ ಅರ್ಧ ನಿಜ. ನಾಲ್ಕು ಜನ ಒಂದೇ ಗಾಡಿಯಲ್ಲಿ ಕೂರುವ ಮನೆಯವರಿಗೆ ಆ ಭಯ ಬೇಡ. ಎರಡೂ ಕಡೆ ಕೊಟೇಶನ್ ತರಿಸಿ, ಹೋಟೆಲ್ ಒಂದೇ ದರ್ಜೆಯದಾ ನೋಡಿ, ಆಮೇಲೆ ಹೋಲಿಸಿ. ಹೋಟೆಲ್ ಬೇರೆ ಬೇರೆ ದರ್ಜೆಯದಾಗಿದ್ದರೆ ಆ ಹೋಲಿಕೆಗೆ ಅರ್ಥವೇ ಇಲ್ಲ.

ನನಗೆ ದುಡ್ಡಿಗಿಂತ ದೊಡ್ಡದು ಅಂತ ಅನ್ನಿಸುವುದು ಬೇರೆ. ದಿನದ ಹೊತ್ತು ಯಾರ ಕೈಯಲ್ಲಿರುತ್ತದೆ?

ಈಜಿಪ್ಟ್‌ನ ಲಕ್ಸರ್‌ನಲ್ಲಿ ರಾಜರ ಕಣಿವೆ ಇದೆಯಲ್ಲ, ಅಲ್ಲಿ ಸಾಮಾನ್ಯ ಟಿಕೆಟ್‌ಗೆ ಮೂರು ಸಮಾಧಿ ನೋಡಬಹುದು. ಮೊದಲನೇ ಸೇಟಿಯ ಸಮಾಧಿಗೆ ಬೇರೆ ಟಿಕೆಟ್. ಆ ಕಣಿವೆಯ ಅತಿ ಉದ್ದದ ಸಮಾಧಿಗಳಲ್ಲಿ ಒಂದು ಅದು, ಗೋಡೆ ತುಂಬಾ ಬಣ್ಣದ ಕೆತ್ತನೆ. ನನಗೆ ಅದನ್ನು ನೋಡಲೇಬೇಕು ಅಂತ ಆಸೆ ಇತ್ತು. ಗುಂಪಿನಲ್ಲಿ ಉಳಿದವರಿಗೆ ಬೇಡವಾಗಿತ್ತು, ಬಸ್ ಹೊರಡುವ ಹೊತ್ತೂ ಆಗಿತ್ತು. ಸರಿ, ಹತ್ತಿ ಕೂತೆವು. ಅಲ್ಲಿಂದ ನೇರ ಕರೆದುಕೊಂಡು ಹೋಗಿದ್ದು ಅಲಬಾಸ್ಟರ್ ಕಲ್ಲಿನ ಅಂಗಡಿಗೆ. ಬಾಗಿಲ ಹತ್ತಿರ ಇಬ್ಬರು ನೆಲದ ಮೇಲೆ ಕೂತು ಕಲ್ಲು ಉಜ್ಜುತ್ತಿದ್ದರು. ಒಳಗೆ ದಾಸವಾಳದ ಕೆಂಪು ಚಹಾ ಕೊಟ್ಟು ಕೂರಿಸಿದರು, ಹೂದಾನಿಯ ಒಳಗೆ ಬಲ್ಬ್ ಹಿಡಿದು ಕಲ್ಲು ಹೇಗೆ ಹೊಳೆಯುತ್ತದೆ ಅಂತ ತೋರಿಸಿದರು, ಆಮೇಲೆ ಒಬ್ಬೊಬ್ಬರ ಪಕ್ಕ ಒಬ್ಬೊಬ್ಬ ಸೇಲ್ಸ್‌ಮನ್ ನಿಂತುಕೊಂಡ. ಮುಕ್ಕಾಲು ಗಂಟೆ ಹೋಯಿತು. ಸಮಾಧಿಗೆ ಇಲ್ಲದ ಸಮಯ ಅಂಗಡಿಗೆ ಇತ್ತು, ನನಗೆ ಈಗಲೂ ಬೇಜಾರಿದೆ. ಇಂಥ ಅಂಗಡಿಗಳಿಂದ ಗೈಡ್‌ಗೆ ಕಮಿಷನ್ ಸಿಗುವುದು ಎಲ್ಲ ದೇಶದಲ್ಲೂ ಇದೆ, ವಿಯೆಟ್ನಾಂನಲ್ಲಿ ಮುತ್ತು, ರೇಷ್ಮೆ, ಅರಗಿನ ಚಿತ್ರದ ಅಂಗಡಿ. ಪ್ರೈವೇಟ್ ಆದರೂ ಕರೆದುಕೊಂಡು ಹೋಗುತ್ತಾರೆ. ಆದರೆ ಮೊದಲ ದಿನವೇ 'ಅಂಗಡಿ ಬೇಡ' ಅಂತ ನೇರವಾಗಿ ಹೇಳಿದರೆ ನಿಮ್ಮ ಮಾತು ನಡೆಯುತ್ತದೆ. ಗುಂಪಿನಲ್ಲಿ ನಡೆಯುವುದಿಲ್ಲ.

ಇನ್ನು ನಿಮ್ಮ ಅಪ್ಪನ ಮಂಡಿ. ಹನೋಯ್‌ನ ಹಳೇ ಪೇಟೆಯಲ್ಲಿ ಫುಟ್‌ಪಾತ್ ತುಂಬಾ ಸ್ಕೂಟರ್ ನಿಲ್ಲಿಸಿರುತ್ತಾರೆ, ರಸ್ತೆಗಿಳಿದು ನಡೆಯಬೇಕು. ತಿನ್ನುವ ಅಂಗಡಿಗಳಲ್ಲಿ ಕೂರಲು ಮೊಣಕಾಲೆತ್ತರಕ್ಕೂ ಬಾರದ ಪ್ಲಾಸ್ಟಿಕ್ ಸ್ಟೂಲು. ನಮ್ಮ ಅಪ್ಪ ಒಂದು ಸಲ ಕೂತವರು ಏಳಲು ಇಬ್ಬರ ಕೈ ಹಿಡಿಯಬೇಕಾಯಿತು. ಅವತ್ತಿಂದ ಗೈಡ್ ಹುಡುಗಿ ಎಲ್ಲಿ ಹೋದರೂ ಮೊದಲು ತಾನು ಒಳಗೆ ಇಣುಕಿ, ಕುರ್ಚಿ ಇದ್ದರೆ ಮಾತ್ರ ನಮ್ಮನ್ನು ಕರೆಯುತ್ತಿದ್ದಳು. ಹದಿನಾಲ್ಕು ಜನರನ್ನು ನೋಡಿಕೊಳ್ಳುವ ಟೂರ್ ಲೀಡರ್‌ನಿಂದ ಇದನ್ನು ಬಯಸುವುದು ತಪ್ಪಾಗುತ್ತದೆ. ನಿಧಾನ ನಡೆಯುವವರು ಗುಂಪಿನಲ್ಲಿದ್ದರೆ ಇನ್ನೊಂದು ಕಷ್ಟ. ಯಾರೂ ಏನೂ ಅನ್ನದಿದ್ದರೂ ಹಿರಿಯರೇ ಸಂಕೋಚಪಟ್ಟು 'ನಾನು ಬಸ್ಸಲ್ಲೇ ಕೂತಿರುತ್ತೇನೆ, ನೀವು ಹೋಗಿ ಬನ್ನಿ' ಅಂದುಬಿಡುತ್ತಾರೆ. ಅಷ್ಟು ದೂರ ಕರೆದುಕೊಂಡು ಹೋಗಿ ಬಸ್ಸಲ್ಲಿ ಕೂರಿಸುವುದು ಅಂದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಮೀ ಸನ್ ನೋಡುವುದು ಇದ್ದೇ ಇದೆಯಲ್ಲ. ಮಧ್ಯ ವಿಯೆಟ್ನಾಂನ ಹೊಯಿ ಆನ್ ಊರಿನ ಹತ್ತಿರದ ಕಣಿವೆಯಲ್ಲಿ, ಹಿಂದೆ ಆ ಕಡೆ ಆಳಿದ ಚಾಮ್ ರಾಜರು ಕಟ್ಟಿಸಿದ ಇಟ್ಟಿಗೆಯ ಶಿವ ದೇವಸ್ಥಾನಗಳು. 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ನಮ್ಮ ಪುರಾತತ್ವ ಸರ್ವೇಕ್ಷಣಾ ಇಲಾಖೆಯವರೇ ಅಲ್ಲಿ ಜೀರ್ಣೋದ್ಧಾರ ಮಾಡಿದ್ದಾರೆ. 2020ರಲ್ಲಿ ಆ ಕೆಲಸದ ನಡುವೆ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತ್ತು, 9ನೇ ಶತಮಾನದ್ದು. ನಿಮ್ಮ ಅಮ್ಮನಿಗೆ ಖಂಡಿತ ಇಷ್ಟವಾಗುತ್ತದೆ. ಆದರೆ ಅದು ಬಯಲು, ಬಿಸಿಲು ಜಾಸ್ತಿ. ಗೇಟಿನಿಂದ ಒಳಗೆ ಎಲೆಕ್ಟ್ರಿಕ್ ಗಾಡಿ ಬಿಡುತ್ತದೆ, ಅಲ್ಲಿಂದ ಮುಂದೆ ನಡಿಗೆ. ಟೂರ್ ಬಸ್ಸುಗಳು ಬಿಸಿಲೇರಿದ ಮೇಲೆ ಬಂದು ಸೇರುತ್ತವೆ. ನಿಮ್ಮದೇ ಕಾರಿದ್ದರೆ ಬೆಳಿಗ್ಗೆ ಬೇಗ ಹೊರಟು, ತಣ್ಣಗಿರುವಾಗಲೇ ನೋಡಿ, ಅವರು ಬರುವಾಗ ನೀವು ವಾಪಸ್ ಹೊರಡಬಹುದು.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ. ನೀವೂ ಕಾಫಿ ತೋಟದವರು ಅಂತ ಬರೆದಿದ್ದೀರಿ. ಹಾಗಾದರೆ ಬೂಆನ್ ಮಾ ಥುವೊತ್‌ಗೆ ಹೋಗದೆ ಬರಬೇಡಿ. ವಿಯೆಟ್ನಾಂ ಕಾಫಿಯಲ್ಲಿ ಜಗತ್ತಿಗೇ ಎರಡನೇ ಸ್ಥಾನದಲ್ಲಿದೆ, ಕಾಳುಮೆಣಸಿನಲ್ಲಿ ಮೊದಲನೇ ಸ್ಥಾನ. ಅಲ್ಲಿನ ಕಾಫಿ ಹೆಚ್ಚಾಗಿ ರೋಬಸ್ಟಾ, ಅದರ ದೊಡ್ಡ ಪಾಲು ಬೆಳೆಯುವುದು ಡಾಕ್ ಲಾಕ್ ಪ್ರಾಂತ್ಯದ ಆ ಊರಿನ ಸುತ್ತ. ನಾನು ನೋಡಿದ ಯಾವ ಗ್ರೂಪ್ ಟೂರ್ ಪಟ್ಟಿಯಲ್ಲೂ ಅದು ಇರಲಿಲ್ಲ. ಹನೋಯ್, ಹಾ ಲಾಂಗ್, ಹೊಯಿ ಆನ್, ಹೋ ಚಿ ಮಿನ್, ಅಷ್ಟೇ.

ನಾವು ಗೈಡ್ ಮೂಲಕ ಒಬ್ಬ ರೈತರ ತೋಟಕ್ಕೆ ಹೋದೆವು. ನಮ್ಮ ಹಾಗೆ ದಟ್ಟ ಮರಗಳ ನೆರಳಿಲ್ಲ, ಬಿಸಿಲಿಗೆ ಬಿಟ್ಟ ಗಿಡಗಳು. ಒಂದೊಂದು ಗಿಡದ ಬುಡಕ್ಕೂ ಅಗಲವಾದ ಪಾತಿ, ಅದಕ್ಕೆ ಪೈಪು ಹಿಡಿದು ನೀರು ತುಂಬಿಸುತ್ತಾರೆ. ಪಕ್ಕದಲ್ಲಿ ಕಂಬಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಅಪ್ಪ ಒಂದು ರೆಂಬೆ ಎತ್ತಿ, ಎಲೆಯ ಹಿಂಭಾಗ ತಿರುಗಿಸಿ ನೋಡಿ, ಕೇಳಲು ಶುರು ಮಾಡಿದರು: ಹೂವಿಗೆ ನೀರು ಯಾವಾಗ ಕೊಡುತ್ತೀರಿ, ಎಷ್ಟು ಸಲ, ಗೊಬ್ಬರ ಏನು, ಕೂಲಿ ಎಷ್ಟು, ಕಾಯಿಕೊರಕ ಇದೆಯಾ. ಗೈಡ್‌ಗೆ ಕಾಫಿಯ ಗಂಧವೇ ಇರಲಿಲ್ಲ ಪಾಪ, ಆದರೂ ಒಂದೊಂದನ್ನೂ ಬಿಡದೆ ಆಚೆಗೀಚೆ ದಾಟಿಸಿದಳು. ಅಲ್ಲಿ ಸರಾಸರಿ ಹೆಕ್ಟೇರಿಗೆ ಎರಡೂವರೆ ಟನ್‌ಗಿಂತ ಜಾಸ್ತಿ ಬರುತ್ತದೆ, ನಮ್ಮಲ್ಲಿ ರೋಬಸ್ಟಾ ಒಂದು ಟನ್ ಆಸುಪಾಸು. ಅದನ್ನು ಕಾಗದದಲ್ಲಿ ಓದುವುದು ಬೇರೆ, ಗಿಡದ ಮುಂದೆ ನಿಂತು ಕೇಳುವುದು ಬೇರೆ. ಒಂದು ಗಂಟೆ ಅಂದುಕೊಂಡು ಹೋದವರು ಅವರ ಮನೆಯಲ್ಲೇ ಊಟ ಮಾಡಿ ಸಂಜೆ ಹೊರಟೆವು. ಹಂದಿಮಾಂಸ, ಸೊಪ್ಪು, ನಮ್ಮ ನೂಪುಟ್ಟಿನ (ಒತ್ತುಶಾವಿಗೆ) ಹಾಗೇ ಇರುವ ಅಕ್ಕಿ ಎಳೆ. ಅಪ್ಪ ಎರಡು ಸಲ ಬಡಿಸಿಕೊಂಡರು. ಗುಂಪಿನ ಪಟ್ಟಿಯಲ್ಲಿ ಇಂಥ ದಿನಕ್ಕೆ ಜಾಗ ಇರುವುದಿಲ್ಲ.

ಹಾಗಂತ ಗುಂಪು ಕೆಟ್ಟದ್ದಲ್ಲ. ಒಂಟಿಯಾಗಿ ಹೋಗುವವರಿಗೆ, ಅದರಲ್ಲೂ ಮೊದಲ ಸಲ ಹೊರದೇಶಕ್ಕೆ ಹೊರಟ ಹೆಣ್ಣುಮಕ್ಕಳಿಗೆ, ಗುಂಪೇ ಒಳ್ಳೆಯದು ಅಂತ ಹೇಳುತ್ತೇನೆ. ಖರ್ಚೂ ಕಮ್ಮಿ, ಜೊತೆಯೂ ಸಿಗುತ್ತದೆ, ಪಾಸ್‌ಪೋರ್ಟ್ ಕಳೆದರೆ ಓಡಾಡಲು ಒಬ್ಬರು ಇರುತ್ತಾರೆ. ಪೆರುವಿನ ಇಂಕಾ ಟ್ರೇಲ್ ಚಾರಣದಂಥ ಕಡೆ ಪರವಾನಗಿ ಇರುವ ಕಂಪನಿ ಇಲ್ಲದೆ ಬಿಡುವುದೇ ಇಲ್ಲ. ಹಾ ಲಾಂಗ್‌ನಲ್ಲೂ ಗುಂಪೇ ಸರಿ, ರಾತ್ರಿ ಉಳಿಯುವ ಹಡಗನ್ನು ನಾಲ್ಕೇ ಜನ ಬಾಡಿಗೆಗೆ ಹಿಡಿಯುವುದು ಸುಮ್ನೆ ದುಂದು. ಎಲ್ಲರೂ ನೋಡುವುದು ಅದೇ ಬಂಡೆ, ಅದೇ ನೀರು. ಕು ಚಿ ಸುರಂಗಕ್ಕೆ ಅರ್ಧ ದಿನದ ಗುಂಪು ಸಾಕು. ಆದರೆ ಅಪ್ಪನನ್ನು ಸುರಂಗದ ಒಳಗೆ ಇಳಿಸಬೇಡಿ, ಬಗ್ಗಿ ತೆವಳಬೇಕು.

ಗುಂಪೇ ಸರಿ ಅಂತ ತೀರ್ಮಾನಿಸಿದರೂ 'ಸ್ಮಾಲ್' ಅಂದರೆ ಎಷ್ಟು ಜನ ಅಂತ ಬರವಣಿಗೆಯಲ್ಲಿ ಕೇಳಿ. ಒಬ್ಬರಿಗೆ ಅದು ಹನ್ನೆರಡು, ಇನ್ನೊಬ್ಬರಿಗೆ ಇಪ್ಪತ್ತೈದು. ಜನ ಸಾಕಷ್ಟು ಸೇರದಿದ್ದರೆ ಪ್ರವಾಸವನ್ನೇ ರದ್ದು ಮಾಡುತ್ತಾರಾ, ಆಗ ನಿಮ್ಮ ವಿಮಾನದ ಟಿಕೆಟ್ ಗತಿ ಏನು, ಅದನ್ನೂ ಕೇಳಿ. ಪ್ರೈವೇಟ್ ಆದರೆ ಕೇಳಬೇಕಾದ್ದು ಬೇರೆ. ಅಗ್ಗದ ಪ್ಯಾಕೇಜ್‌ನಲ್ಲಿ 'ಗೈಡ್' ಅಂತ ಹೇಳಿ ಸ್ವಲ್ಪ ಇಂಗ್ಲಿಷ್ ಬರುವ ಡ್ರೈವರ್‌ನನ್ನು ಕೊಟ್ಟುಬಿಡುತ್ತಾರೆ. ಅವನು ಗೇಟಿನ ಹೊರಗೆ ಗಾಡಿ ಹತ್ತಿರವೇ ಉಳಿಯುತ್ತಾನೆ. ವಿಯೆಟ್ನಾಂನಲ್ಲಿ ಗೈಡ್‌ಗೆ ಸರ್ಕಾರದ ಪರವಾನಗಿ ಕಾರ್ಡ್ ಇರಬೇಕು, ಇದೆಯಾ ಅಂತ ಕೇಳಿ.

ತಾರೀಕಿನ ವಿಷಯದಲ್ಲೂ ನಮ್ಮಂಥವರಿಗೆ ಪ್ರೈವೇಟ್ ಅನುಕೂಲ. ಗುಂಪಿನ ತಾರೀಕು ತಿಂಗಳುಗಳ ಮೊದಲೇ ನಿಗದಿ. ಮೆಣಸು ಕೊಯ್ಲು ಮುಗಿದಿಲ್ಲ, ಆಳು ಬಂದಿಲ್ಲ, ಕಣದಲ್ಲಿ ಹರವಿದ್ದಾಗ ಮಳೆ ಹಿಡಿಯಿತು ಅಂದರೆ ಅವರು ಕಾಯುವುದಿಲ್ಲ. ಪ್ರೈವೇಟ್‌ನಲ್ಲೂ ವಿಮಾನದ ಟಿಕೆಟ್ ಬದಲಿಸಲು ದುಡ್ಡು ಕೊಡಬೇಕು, ಆದರೆ ಗೈಡ್ ಮತ್ತು ಕಾರಿನ ದಿನ ಮುಂದೆ ಹಾಕುವುದು ಮಾತಾಡಿದರೆ ಆಗುತ್ತದೆ.

ಇನ್ನೊಂದು. ನಮ್ಮ ದೇಶದ ಏಜೆಂಟರ ಹತ್ತಿರ ವಿದೇಶಿ ಪ್ಯಾಕೇಜ್ ಕೊಂಡರೆ, ಗುಂಪಾಗಲಿ ಪ್ರೈವೇಟ್ ಆಗಲಿ, ಟಿಸಿಎಸ್ (ದುಡ್ಡು ಕಟ್ಟುವಾಗಲೇ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ) ಹಿಡಿಯುತ್ತಾರೆ. ದರ ಬಜೆಟ್‌ನಲ್ಲಿ ಬದಲಾಗುತ್ತಿರುತ್ತದೆ, ಬುಕ್ ಮಾಡುವ ದಿನ ಎಷ್ಟಿದೆ ಅಂತ ಕೇಳಿಕೊಳ್ಳಿ. ಅದು ನಿಮ್ಮ ಪ್ಯಾನ್‌ಗೆ ಜಮಾ ಆಗಿರುತ್ತದೆ, ಐಟಿ ರಿಟರ್ನ್ ಹಾಕಿದರೆ ಹೊಂದಿಸಿಕೊಳ್ಳಬಹುದು, ತೆರಿಗೆ ಬರದಿದ್ದರೆ ವಾಪಸ್ ಬರುತ್ತದೆ. ನಮ್ಮ ಕಡೆ ತೋಟದ ಆದಾಯ ತಾನೇ ಅಂತ ರಿಟರ್ನ್ ಹಾಕದೆ ಇರುವವರು ಇದ್ದಾರೆ. ಹಾಕದಿದ್ದರೆ ಆ ದುಡ್ಡು ಕೈಗೆ ಬರುವುದಿಲ್ಲ.

ಏಪ್ರಿಲ್ ಒಳ್ಳೆಯ ತಿಂಗಳೇ. ನಮಗೆ ಬಿಡುವಿರುವ ಅಕ್ಟೋಬರ್‌ನಲ್ಲಿ ಹೋದರೆ ಹೊಯಿ ಆನ್‌ನಲ್ಲಿ ಮಳೆ, ಕೆಲವು ವರ್ಷ ನೆರೆ ಕೂಡ. ಆದರೆ ಏಪ್ರಿಲ್ 30 ಮತ್ತು ಮೇ 1 ಅಲ್ಲಿ ರಾಷ್ಟ್ರೀಯ ರಜೆ, ದೇಶವೇ ಪ್ರವಾಸ ಹೊರಡುತ್ತದೆ, ಹೋಟೆಲ್ ದರ ಏರುತ್ತದೆ. ಅದಕ್ಕಿಂತ ಮೊದಲೇ ವಾಪಸ್ ಬರುವ ಹಾಗೆ ನೋಡಿಕೊಳ್ಳಿ. ಡಾಕ್ ಲಾಕ್‌ನಲ್ಲಿ ಆ ಹೊತ್ತಿಗೆ ಹೂವು ಮುಗಿದು ಎಳೆ ಕಾಯಿ ಕಟ್ಟಿರುತ್ತದೆ. ಹಣ್ಣು ಕೊಯ್ಯುವುದನ್ನು ನೋಡಬೇಕೆಂದರೆ ನವೆಂಬರ್, ಡಿಸೆಂಬರ್‌ನಲ್ಲಿ ಹೋಗಬೇಕು, ಆಗ ನಮ್ಮಲ್ಲೂ ಅರೇಬಿಕಾ ಕೊಯ್ಲು, ಮನೆಯಲ್ಲಿ ಒಬ್ಬರಾದರೂ ಉಳಿಯಬೇಕಾಗುತ್ತದೆ.