ಕೇಕ್ ಉಂಡೆ ಬಿರುಕು ಬಿಡೋದು ಯಾಕೆ?

ಪ್ರಶ್ನೆ: ಅಕ್ಕಾ, ಮಗಳ ಹುಟ್ಟುಹಬ್ಬಕ್ಕೆ ಕೇಕ್ ಬಾಲ್ಸ್ (ಕೇಕ್ ಪುಡಿಗೆ ಕ್ರೀಮ್ ಕಲಸಿ ಕಟ್ಟಿ, ಚಾಕೊಲೇಟಿನಲ್ಲಿ ಅದ್ದುವ ಉಂಡೆ) ಮಾಡಿದೆ. ರಾತ್ರಿಯೆಲ್ಲಾ ಫ್ರೀಜರ್‌ನಲ್ಲಿಟ್ಟು, ಬೆಳಿಗ್ಗೆ ತೆಗೆದ ತಕ್ಷಣ ಬಿಸಿ ಚಾಕೊಲೇಟಿನಲ್ಲಿ ಅದ್ದಿದೆ. ಅದ್ದುವಾಗ ಚೆನ್ನಾಗೇ ಇತ್ತು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಎಲ್ಲದರಲ್ಲೂ ಬಿರುಕು, ಬಿರುಕಿನಿಂದ ಎಣ್ಣೆ ಜಿನುಗುತ್ತಿದೆ! ಮೇಲ್ಪದರವೂ ಇಡ್ಲಿ ಹಿಟ್ಟು ಮೆತ್ತಿದ ಹಾಗೆ ದಪ್ಪ. ಎಲ್ಲಿ ತಪ್ಪಿದೆ?
– ಓದುಗರು, ದಾವಣಗೆರೆ

ಉತ್ತರ: ಪಾಪ, ಚಾಕೊಲೇಟನ್ನು ಬೈಕೊಂಡಿರುತ್ತೀರಿ. ತಪ್ಪು ಅದರದ್ದಲ್ಲ, ಫ್ರೀಜರಿನದ್ದು. ಕಲ್ಲಿನ ಹಾಗೆ ಕೊರೆಯುವ ಉಂಡೆಗೆ ಬಿಸಿ ಚಾಕೊಲೇಟ್ ತಾಗಿದ ಕೂಡಲೇ ಅದು ಬಿಗಿದುಕೊಂಡು ಬಿಡುತ್ತದೆ. ಆಮೇಲೆ ಒಳಗಿನ ಉಂಡೆ ಬೆಚ್ಚಗಾಗುತ್ತಾ ಹಿಗ್ಗುತ್ತದೆ, ಮೇಲಿನ ಚಿಪ್ಪು ಹಿಗ್ಗೋದಿಲ್ಲ, ಇನ್ನೇನಾಗುತ್ತೆ ಹೇಳಿ, ಒಡೆಯುತ್ತೆ. ಒಳಗಿನ ಬೆಣ್ಣೆಯ ಜಿಡ್ಡು ಅಲ್ಲಿಂದಲೇ ಹೊರಗೆ ಬರೋದು. ದಪ್ಪ ಕೂತಿದ್ದೂ ಅದೇ ಕಾರಣಕ್ಕೆ: ಇಳಿದು ಹೋಗುವಷ್ಟರಲ್ಲೇ ಚಾಕೊಲೇಟ್ ಗಟ್ಟಿಯಾಯಿತು.

ಹಾಗಾಗಿ ಫ್ರೀಜರ್ ಬೇಡ. ಫ್ರಿಜ್ಜಿನಲ್ಲಿ ಒಂದು ಗಂಟೆ ಸಾಕು. ತೆಗೆದು 5-10 ನಿಮಿಷ ಹೊರಗಿಡಿ. ಮುಟ್ಟಿದರೆ ತಣ್ಣಗಿರಬೇಕು, ಐಸ್ ಮುಟ್ಟಿದ ಹಾಗಿರಬಾರದು. ಮೇಲೆ ಬೆವರಿದ್ದರೆ ಟಿಶ್ಯೂನಲ್ಲಿ ಮೆಲ್ಲಗೆ ಒತ್ತಿ ತೆಗೆಯಿರಿ.

ಉಂಡೆ ನುಣ್ಣಗಿಲ್ಲದೆ ಮೇಲ್ಪದರ ನುಣ್ಣಗೆ ಬರೋದಿಲ್ಲ, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಕೇಕಿನ ಕಂದು ಸಿಪ್ಪೆ ಕತ್ತರಿಸಿ ತೆಗೆದು, ಉಳಿದದ್ದನ್ನು ಸಣ್ಣ ರವೆಯಷ್ಟು ಪುಡಿ ಮಾಡಿ. ಬೇಕರಿಯ ಪ್ಲೇನ್ ಕೇಕ್ ಆದರೂ ನಡೆಯುತ್ತೆ. 300 ಗ್ರಾಂ ಪುಡಿಗೆ ಮೊದಲು ಎರಡೇ ದೊಡ್ಡ ಚಮಚ ಬೆಣ್ಣೆ ಕ್ರೀಮ್ ಹಾಕಿ ಕಲಸಿ, ಆಮೇಲೆ ಬೇಕಾದರೆ ಅರ್ಧರ್ಧ ಚಮಚ ಸೇರಿಸಿ. ರವೆ ಉಂಡೆ ಕಟ್ಟಿ ರೂಢಿಯಿದ್ದವರಿಗೆ ಕೈಯೇ ಹೇಳುತ್ತೆ: ಮುಷ್ಟಿಯಲ್ಲಿ ಒತ್ತಿದರೆ ಗಟ್ಟಿಯಾಗಿ ಕೂತಿರಬೇಕು, ಅಂಗೈಗೆ ಜಿಡ್ಡು ಹತ್ತಬಾರದು. ಕ್ರೀಮ್ ಜಾಸ್ತಿಯಾದರೆ ಉಂಡೆ ಭಾರವಾಗಿ, ಅದ್ದಲು ಚುಚ್ಚುವ ಕಡ್ಡಿಯಿಂದ ಜಾರುತ್ತದೆ. ತೂಕ ಒಂದಕ್ಕೆ 20-25 ಗ್ರಾಂ ಸಾಕು.

ಚಾಕೊಲೇಟ್ ವಿಷಯಕ್ಕೆ ಬಂದರೆ, ಮನೆಗೆ ಕಾಂಪೌಂಡ್ ಚಾಕೊಲೇಟೇ ಸರಿ. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತೆ, ಕರಗಿಸಿ ಅದ್ದಿದರೆ ತಾನಾಗೇ ಗಟ್ಟಿಯಾಗುತ್ತೆ. ಅಸಲಿ ಚಾಕೊಲೇಟಿಗೆ ಟೆಂಪರಿಂಗ್ (ಕರಗಿಸಿ, ಹದವರಿತು ತಣಿಸಿ ಮತ್ತೆ ಸ್ವಲ್ಪ ಬೆಚ್ಚಗೆ ಮಾಡೋದು) ಆಗಲೇಬೇಕು, ಇಲ್ಲದಿದ್ದರೆ ಮರುದಿನ ಬೂದಿ ಬಳಿದ ಹಾಗೆ ಕಾಣುತ್ತೆ. ಕರಗಿದ ಕಾಂಪೌಂಡ್ ಗಟ್ಟಿ ಅನ್ನಿಸಿದರೆ 200 ಗ್ರಾಂಗೆ ಒಂದು ಟೀ ಚಮಚ ತೆಂಗಿನೆಣ್ಣೆ ಹಾಕಿ. ಹಾಲು, ನೀರು ಬೇಡವೇ ಬೇಡ. ಬೆಣ್ಣೆಯೂ ಬೇಡ, ಅದರಲ್ಲೂ ನೀರಿರುತ್ತೆ.

ಕರಗಿದ್ದನ್ನು ಅಗಲ ಬಟ್ಟಲಿಗಲ್ಲ, ಉದ್ದನೆಯ ಸ್ಟೀಲ್ ಲೋಟಕ್ಕೆ ಸುರಿಯಿರಿ. ಲೋಟ ಪೂರ್ತಿ ಒಣಗಿರಲಿ. ಕಡ್ಡಿಯ ತುದಿಯನ್ನು ಚಾಕೊಲೇಟಿನಲ್ಲಿ ಅದ್ದಿ ಉಂಡೆಯ ಅರ್ಧದವರೆಗೆ ಚುಚ್ಚಿ, ಗಟ್ಟಿಯಾಗಲು ಬಿಡಿ. ಆಮೇಲೆ ಉಂಡೆಯನ್ನು ನೇರವಾಗಿ ಒಂದೇ ಸಲ ಮುಳುಗಿಸಿ, ನೇರವಾಗಿ ಎತ್ತಿ. ಒಳಗೆ ತಿರುಗಿಸಬೇಡಿ, ಪುಡಿ ಉದುರುತ್ತೆ. ಈಗ ಕಡ್ಡಿ ಹಿಡಿದ ಕೈಯ ಮಣಿಕಟ್ಟಿಗೆ ಇನ್ನೊಂದು ಕೈಯಲ್ಲಿ ಮೆಲ್ಲಗೆ ತಟ್ಟುತ್ತಾ, ಕಡ್ಡಿಯನ್ನು ನಿಧಾನ ತಿರುಗಿಸಿ. ಜಾಸ್ತಿಯಾದದ್ದು ತೊಟ್ಟಿಕ್ಕಿ ಲೋಟಕ್ಕೇ ಬೀಳುತ್ತೆ. ತೊಟ್ಟಿಕ್ಕುವುದು ನಿಂತ ಮೇಲೆ ಥರ್ಮೋಕೋಲಿಗೆ ಚುಚ್ಚಿ ನಿಲ್ಲಿಸಿ. ಕಡ್ಡಿ ಬೇಡ ಅಂದರೆ ಫೋರ್ಕ್ ಮೇಲಿಟ್ಟು ಅದ್ದಿ, ಫೋರ್ಕಿನ ಅಡಿಯನ್ನು ಲೋಟದ ಅಂಚಿಗೆ ಒಮ್ಮೆ ಸವರಿ. ಸವರದಿದ್ದರೆ ಚಾಕೊಲೇಟ್ ಅಡಿಯಲ್ಲಿ ಹರಡಿ ಪ್ರತಿ ಉಂಡೆಗೂ ಕೆಳಗೊಂದು ಪಾದ ಬೆಳೆಯುತ್ತೆ.

ಪ್ರಶ್ನೆ: ಬಿಳಿ ಚಾಕೊಲೇಟಿಗೆ ಗುಲಾಬಿ ಬಣ್ಣ ಹಾಕಿದರೆ ಗಂಟು ಗಂಟಾಯಿತು. ಸರಿ ಮಾಡಬಹುದಾ?
– ಓದುಗರು, ಹಾಸನ

ಉತ್ತರ: ನಾನೂ ಮಾಡಿದ್ದೆ ಇದನ್ನು! ಬಾಟಲಿಯ ಬಣ್ಣ ನಾಲ್ಕು ಹನಿ ಹಾಕಿದ್ದಷ್ಟೇ, ಲೋಟದಲ್ಲಿದ್ದದ್ದು ಗುಲಾಬಿ ಉಪ್ಪಿಟ್ಟು. ಆ ಬಣ್ಣದಲ್ಲಿ ನೀರಿರುತ್ತೆ ಅಲ್ವಾ, ಅದಕ್ಕೇ. ಅದ್ದಲಿಕ್ಕೆ ಇನ್ನು ಅದು ಬಾರದು. ಬಿಸಿ ಕ್ರೀಮ್ ಸೇರಿಸಿ ಸಾಸ್ ಮಾಡಿಕೊಳ್ಳಿ. ಮುಂದಿನ ಸಲ ಎಣ್ಣೆಯಲ್ಲಿ ಕರಗುವ ಚಾಕೊಲೇಟ್ ಬಣ್ಣವನ್ನೇ ಕೇಳಿ ತನ್ನಿ.

ಪ್ರಶ್ನೆ: ಫ್ರಿಜ್ಜಿನಿಂದ ತೆಗೆದರೆ ಮೇಲೆಲ್ಲಾ ನೀರು ಕೂರುತ್ತೆ. ಮಳೆಗಾಲದಲ್ಲಂತೂ ಹೇಳೋದೇ ಬೇಡ.
– ಓದುಗರು, ಮಂಗಳೂರು

ಉತ್ತರ: ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಫ್ರಿಜ್ಜಿಗಿಡಿ. ಹೊರಗೆ ತೆಗೆದ ಮೇಲೆ ಅರ್ಧ ಗಂಟೆ ಮುಚ್ಚಳ ತೆರೆಯಬೇಡಿ. ನೀರು ಡಬ್ಬಿಯ ಮೇಲೆ ಕೂರುತ್ತೆ, ಉಂಡೆಯ ಮೇಲಲ್ಲ. ಮಕ್ಕಳ ಕೈಗೆ ಸಿಗದ ಕಡೆ ಇಟ್ಟರೆ ಒಳ್ಳೆಯದು, ಅರ್ಧ ಗಂಟೆ ಅವರು ಕಾಯೋದಿಲ್ಲ.