ದತ್ತು ಅರ್ಜಿ ಮೊಟಕಾಗಲಿ, ಮಾತುಕತೆ ಉದ್ದವಾಗಲಿ

ಪ್ರಶ್ನೆ: ರಕ್ಷಿಸಿದ ನಾಯಿ, ಬೆಕ್ಕುಗಳನ್ನು ದತ್ತು ಕೊಡುವ ಸಣ್ಣ ತಂಡ ನಮ್ಮದು. ನಾಲ್ಕು ಪುಟದ ಅರ್ಜಿ ನೋಡಿ ಜನ ಅರ್ಧಕ್ಕೇ ಕೈಬಿಡುತ್ತಾರೆ. ಪ್ರಶ್ನೆ ಕಡಿಮೆ ಮಾಡಿದರೆ ಪ್ರಾಣಿ ಯಾರ ಕೈಗೋ ಸೇರೀತೆಂಬ ಅಂಜಿಕೆ. ಏನು ಮಾಡೋಣ?

ಉತ್ತರ: ಅರ್ಜಿಯಲ್ಲಿ ಏಳೆಂಟು ಪ್ರಶ್ನೆ ಸಾಕು. ಮನೆಯಲ್ಲಿ ಯಾರ್ಯಾರಿದ್ದಾರೆ, ಮಕ್ಕಳ ವಯಸ್ಸೆಷ್ಟು, ಬೇರೆ ಸಾಕುಪ್ರಾಣಿ ಇದೆಯೇ, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಇದೆಯೇ, ಪ್ರಾಣಿ ದಿನಕ್ಕೆ ಎಷ್ಟು ಗಂಟೆ ಒಂಟಿಯಾಗಿರುತ್ತದೆ, ಮನೆಯವರು ಪ್ರಯಾಣ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಜೊತೆಗೆ ಫೋನ್ ನಂಬರ್. ‘ನಿಮಗೆ ಪ್ರಾಣಿಪ್ರೀತಿ ಎಂದರೇನು’ ಎಂಬ ಪ್ರಬಂಧ ಬರೆಸಬೇಡಿ, ಅದಕ್ಕೆ ಎಲ್ಲರೂ ಚೆನ್ನಾಗಿಯೇ ಬರೆಯುತ್ತಾರೆ.

ನಿಜವಾದ ಪರೀಕ್ಷೆ ಇಪ್ಪತ್ತು ನಿಮಿಷದ ಫೋನ್ ಮಾತಿನಲ್ಲಿದೆ. ‘ಹಿಂದೆ ಸಾಕಿದ ನಾಯಿ ಏನಾಯಿತು?’ ‘ಚಪ್ಪಲಿ ಕಚ್ಚಿ ಹರಿದರೆ ಏನು ಮಾಡುತ್ತೀರಿ?’ ಎಂದು ಕೇಳಿ ಸುಮ್ಮನಿರಿ, ಅವರೇ ಮಾತಾಡಲಿ. ಮನೆಗೆ ಹೋಗಿ ನೋಡಲು ಆಳಿಲ್ಲದಿದ್ದರೆ ವಿಡಿಯೊ ಕರೆ ಮಾಡಿ. ಆದರೆ ಹಾಲ್ ತೋರಿಸಿದರೆ ಸಾಲದು, ಬಾಲ್ಕನಿಯ ಕಂಬಿಗಳ ನಡುವಿನ ಸಂದಿ, ಗೇಟಿನ ಅಡಿ, ಬೆಕ್ಕಾದರೆ ಕಿಟಕಿಯ ಜಾಲರಿ ಇವನ್ನೇ ಕೇಳಿ ನೋಡಿ.

‘ಆಗುವುದಿಲ್ಲ’ ಎನ್ನುವುದಾದರೂ ಎರಡು ದಿನದೊಳಗೆ ಹೇಳಿಬಿಡಿ. ಉತ್ತರವಿಲ್ಲದೆ ಕಾದವರು ಸಂತೆಯಲ್ಲಾದರೂ ಸರಿ, ಒಂದು ಮರಿ ಕೊಂಡು ತರುತ್ತಾರೆ.

ಮರಿಗಳನ್ನು ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಬೇಡಿ. ಒಪ್ಪಿಸುವಾಗ ಲಸಿಕೆ ಮತ್ತು ಜಂತುಹುಳದ ಔಷಧಿ ಕೊಟ್ಟ ತಾರೀಖು, ಮುಂದಿನ ಡೋಸ್ ಯಾವಾಗ ಎಂಬುದು ಒಂದೇ ಹಾಳೆಯಲ್ಲಿರಲಿ. ಮರಿಗಳ ಲಸಿಕೆ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಹದಿನಾರು ವಾರದವರೆಗೆ ಕಂತುಗಳಿರುತ್ತವೆ. ‘ಲಸಿಕೆ ಆಗಿದೆ’ ಎಂಬ ಒಂದೇ ಮಾತು ನಂಬಿ ಎರಡನೆಯ ಡೋಸ್ ತಪ್ಪಿಸಿ, ಮರಿಯನ್ನು ಪಾರ್ವೊ ಎಂಬ ಮಾರಕ ವೈರಸ್ ಕಾಯಿಲೆಗೆ ಒಡ್ಡುವವರಿದ್ದಾರೆ.

ಮೈಕ್ರೋಚಿಪ್, ಅಂದರೆ ಪ್ರಾಣಿಯ ಚರ್ಮದಡಿ ಕೂರಿಸುವ ಗುರುತಿನ ಚಿಪ್ ವಿಷಯದಲ್ಲಿ ಆಗುವ ಎಡವಟ್ಟೆಂದರೆ, ಚಿಪ್ ಇರುತ್ತದೆ, ನೋಂದಣಿ ಮಾತ್ರ ತಂಡದ ಹೆಸರಲ್ಲೇ ಉಳಿದಿರುತ್ತದೆ. ನಾಯಿ ತಪ್ಪಿಸಿಕೊಂಡಾಗ ಕರೆ ನಿಮಗೆ ಬರುತ್ತದೆ, ಮಾಲೀಕರಿಗಲ್ಲ. ‘ಆಮೇಲೆ ಬದಲಿಸಿಕೊಳ್ಳಿ’ ಎನ್ನಬೇಡಿ, ಪ್ರಾಣಿಯನ್ನು ಕೈಗೆ ಕೊಡುವ ಮೊದಲು ಅಲ್ಲೇ ಕೂತು ಹೆಸರು, ನಂಬರ್ ಬದಲಿಸಿ.

ಪ್ರಶ್ನೆ: ದತ್ತು ತಂದ ಬೆಕ್ಕು ಮಂಚದಡಿ ಸೇರಿದ್ದು, ನಿನ್ನೆಯಿಂದ ಊಟ ಮುಟ್ಟಿಲ್ಲ. ವಾಪಸು ಕೊಡಲೇ?

ಉತ್ತರ: ಈಗಲೇ ಬೇಡ. ಬಚ್ಚಿಟ್ಟುಕೊಳ್ಳುವುದು ಸಹಜ, ಎಳೆಯಬೇಡಿ. ಉಪವಾಸ ಮಾತ್ರ ಸಲೀಸಾಗಿ ಬಿಡುವಂಥದ್ದಲ್ಲ. ದೊಡ್ಡ ಬೆಕ್ಕು ಇಡೀ ದಿನ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ. ಹಸಿದೇ ಇದ್ದರೆ, ಅದರಲ್ಲೂ ದಪ್ಪ ಬೆಕ್ಕಿಗೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತು ಬರುತ್ತದೆ. ಒಂದೇ ಕೋಣೆಯಲ್ಲಿಡಿ, ಮಲದ ಟ್ರೇ ಒಂದು ಮೂಲೆಗೆ, ಊಟ ಎದುರು ಮೂಲೆಗೆ. ತಂಡದವರು ಹಾಕುತ್ತಿದ್ದ ಆಹಾರವನ್ನೇ ತುಸು ಬೆಚ್ಚಗೆ ಮಾಡಿ ಕೊಡಿ. ಹೊಸದಕ್ಕೆ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಹೊರಳಿ.

ತಂಡಗಳಿಗೂ ಒಂದು ಮಾತು: ವಾರಕ್ಕಾಗುವಷ್ಟು ಅದೇ ಆಹಾರ, ಅದು ಮಲಗುತ್ತಿದ್ದ ಒಗೆಯದ ಬಟ್ಟೆ ಇವನ್ನು ಚೀಲಕ್ಕೆ ಹಾಕಿ ಕಳಿಸಿ. ಮೂರನೆಯ ದಿನ ನೀವೇ ಫೋನ್ ಮಾಡಿ ‘ತಿಂದಿತಾ? ಟ್ರೇಗೆ ಹೋಯಿತಾ?’ ಎಂದು ವಿಚಾರಿಸಿ.