ಸೊಂಟಕ್ಕೆ ಹೆಲ್ಮೆಟ್ ಎಲ್ಲಿಂದ ತರೋಣ?

‘ನಮ್ಮ ಸೈಟಿನಲ್ಲಿ ಹಿಟಾಚಿಯ ಹಿಂಭಾಗಕ್ಕೂ ಗೋಡೆಗೂ ನಡುವೆ ಸಿಕ್ಕಿ ಹೆಲ್ಪರ್ ಒಬ್ಬನ ಸೊಂಟ ಮುರಿಯಿತು. ಈ ಜನ ಹೆಲ್ಮೆಟ್ ಕೊಟ್ಟರೂ ಹಾಕುವುದಿಲ್ಲ, ಹೇಳಿದ ಕಡೆ ನಿಲ್ಲುವುದಿಲ್ಲ. ಬುದ್ಧಿ ಬರುವುದು ಯಾವಾಗ?’
– ಸೈಟ್ ಎಂಜಿನಿಯರ್, ದಾವಣಗೆರೆ

ಹೆಲ್ಮೆಟ್ ಬೇಕು ಸ್ವಾಮಿ, ತಕರಾರಿಲ್ಲ. ಆದರೆ ಮುರಿದದ್ದು ಸೊಂಟ.

20 ಟನ್ನಿನ ಹಿಟಾಚಿಯ ಕೌಂಟರ್‌ವೇಟ್, ಅಂದರೆ ತೂಕ ಸರಿದೂಗಿಸಲು ಹಿಂಬದಿಗಿರುವ ಭಾರ, ತಿರುಗುವ ನಡುಬಿಂದುವಿನಿಂದ ಸುಮಾರು 2.75 ಮೀಟರ್ ಹಿಂದಕ್ಕೆ ಚಾಚಿರುತ್ತದೆ. ಪೂರ್ತಿ ಸುತ್ತಿಗೆ ಐದಾರು ಸೆಕೆಂಡ್. ಟಿಪ್ಪರಿಗೆ ಮಣ್ಣು ಸುರಿಯಲು ಕಾಲು ಸುತ್ತೇ ಸಾಕು. ಆಪರೇಟರನ ಕಣ್ಣು ಬಕೆಟ್ಟಿನ ಮೇಲೆ. ಓದಿದವರು ನೀವು, ಮಷಿನ್ ನಿಲ್ಲಿಸುವಾಗಲೇ ಆ ಸಂದು ನಿಮಗೆ ಕಾಣಬೇಕಿತ್ತು. ಗೋಡೆಯ ಕಡೆ ಎರಡಡಿಯಾದರೂ ತೆರಪು ಬಿಡಿ. ಬಿಟ್ಟರೂ ಅತ್ತ ಯಾರೂ ಸುಳಿಯದಂತೆ ಬ್ಯಾರಿಕೇಡ್ ಹಾಕಿ. ಟೇಪು ಕಟ್ಟಿ ಕೈತೊಳೆದುಕೊಳ್ಳಬೇಡಿ. ಹತ್ತಿರ ಹೋಗಲೇಬೇಕಾದರೆ ಆಪರೇಟರ್ ಮೊದಲು ಬಕೆಟ್ ನೆಲಕ್ಕಿಳಿಸಿ, ಮಷಿನ್ ಅಲುಗದಂತೆ ತಡೆಯುವ ಲಾಕ್ ಲಿವರ್ ಹಾಕಿ, ಕೈ ತೋರಿಸಬೇಕು.

ರಿವರ್ಸ್ ಹಾರ್ನಿನ ಮೇಲೂ ನನಗೆ ಅಷ್ಟೇನೂ ಭರವಸೆಯಿಲ್ಲ. ಮೂರು ಗಾಡಿ ಒಟ್ಟಿಗೆ ಕೂಗುತ್ತಿದ್ದರೆ ಬೆನ್ನ ಹಿಂದಿನದು ಯಾವುದೆಂದು ಯಾರಿಗೆ ತಿಳಿದೀತು? ಒಂದು ಗೇಟಿನಲ್ಲಿ ಬಂದು ಇನ್ನೊಂದರಲ್ಲಿ ಹೋಗುವಂತೆ ದಾರಿ ಮಾಡಿದರೆ ರಿವರ್ಸೇ ಬೇಡ. ಜಾಗವಿಲ್ಲವೇ, ಸಿಗ್ನಲ್ ಕೊಡುವವನು ಒಬ್ಬನೇ ಇರಲಿ, ಕನ್ನಡಿಯಲ್ಲಿ ಕಾಣುವಂತೆ ಪಕ್ಕಕ್ಕೆ ನಿಲ್ಲಲಿ; ಅವನು ಮರೆಯಾದ ಕ್ಷಣ ಗಾಡಿ ನಿಲ್ಲಬೇಕು. ಕಾಂಕ್ರೀಟ್ ಮಿಕ್ಸರಿನದೂ ಇದೇ ಕತೆ: ಎತ್ತಿದ ಹಾಪರ್ (ಜಲ್ಲಿ, ಸಿಮೆಂಟ್ ತುಂಬುವ ತೊಟ್ಟಿ) ಕೆಳಗೆ ಚೆಲ್ಲಿದ ಜಲ್ಲಿ ಬಾಚಲು ಹೋಗುವ ಮುನ್ನ ಅದನ್ನು ಚೈನಿನಿಂದ ಬಿಗಿಯಬೇಕು. ಸವೆದ ಬ್ರೇಕು, ಎಳೆ ಬಿಟ್ಟ ವೈರ್ ರೋಪ್ ಯಾವಾಗ ಕೈಕೊಡುತ್ತದೋ ಹೇಳಲಾಗದು.

ಇದೆಲ್ಲ ನಿಮಗೆ ಗೊತ್ತಿಲ್ಲದ್ದಲ್ಲ. ಆದರೆ ಹಿಟಾಚಿಗೆ ಬಾಡಿಗೆ ಗಂಟೆ ಲೆಕ್ಕ, ಟಿಪ್ಪರಿಗೆ ಟ್ರಿಪ್ ಲೆಕ್ಕ. ಮಷಿನ್ ಹತ್ತು ನಿಮಿಷ ನಿಂತರೆ ಎಲ್ಲರ ಮುಖವೂ ಗಂಟಾಗುತ್ತದೆ. 2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಸುರಕ್ಷಾ ಅಧಿಕಾರಿ ಬೇಕೆನ್ನುತ್ತಿದ್ದದ್ದು 500 ಮಂದಿ ದುಡಿಯುವ ಕಡೆ. ಹನ್ನೆರಡು ಜನ ಪಾಯ ತೋಡುವಲ್ಲಿಗೂ ಬರುವುದು ಅದೇ 20 ಟನ್ನಿನ ಮಷಿನ್ ಅಲ್ಲವೇ? ಸತ್ತರೆ ಪತ್ರಿಕೆಯಲ್ಲಿ ನಾಲ್ಕು ಸಾಲು, ಕೊನೆಗೆ ‘ಚಾಲಕನ ವಿರುದ್ಧ ಪ್ರಕರಣ’. ಗೋಡೆಗೆ ಒತ್ತಿ ನಿಲ್ಲಿಸು ಅಂದವರ ಸುದ್ದಿ ನಮ್ಮ ಪತ್ರಕರ್ತ ಮಿತ್ರರೂ ಕೇಳುವುದಿಲ್ಲ.

ಅಂದಹಾಗೆ, ಆ ಹೆಲ್ಪರಿಗೆ ಕಾರ್ಮಿಕ ಕಲ್ಯಾಣ ಮಂಡಳಿಯ ಕಾರ್ಡ್ ಇತ್ತೇ? ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಣಿಗೆ ಅರ್ಹತೆಯುಂಟು. ಆ 90 ದಿನದ ಪ್ರಮಾಣಪತ್ರಕ್ಕೆ ನಿಮ್ಮ ಕಂಟ್ರಾಕ್ಟರೇ ಸಹಿ ಹಾಕಬಹುದಿತ್ತು. ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲ.

– ಸಂ.